ಸಿಂಗಪುರದ ತಟ್ಟೆ, ಬೆಂಗಳೂರಿನ ಬೀದಿ

ಬೆಂಗಳೂರನ್ನು ಸಿಂಗಪುರವನ್ನಾಗಿ ಮಾಡುವ ಮಾತು ನಮ್ಮ ರಾಜಕಾರಣದಲ್ಲಿ ಕೇಳಿಬಂದು ಕಾಲು ಶತಮಾನ ಕಳೆದಿದೆ. 1999ರಿಂದ 2004ರವರೆಗೆ ಮುಖ್ಯಮಂತ್ರಿಯಾಗಿದ್ದ ಎಸ್.ಎಂ. ಕೃಷ್ಣ ಅವರ ಹೆಸರಿನೊಂದಿಗೆ ಅಂಟಿಕೊಂಡ ಆ ಮಾತನ್ನು ಮೆಚ್ಚುವವರೂ ಇದ್ದಾರೆ, ಗೇಲಿ ಮಾಡುವವರೂ ಇದ್ದಾರೆ. ಇಬ್ಬರ ಕಣ್ಣ ಮುಂದಿರುವ ಸಿಂಗಪುರ ಮಾತ್ರ ಒಂದೇ: ಮೇಲ್ಸೇತುವೆ, ಗಾಜಿನ ಗೋಪುರ, ಗುಂಡಿಯಿಲ್ಲದ ರಸ್ತೆ, ಉಗುಳಿದರೆ ದಂಡ. ಆ ನಗರದಲ್ಲಿ ಬಸ್ ಚಾಲಕನೊಬ್ಬ ಮಧ್ಯಾಹ್ನದ ಊಟವನ್ನು ಎಲ್ಲಿ ಮಾಡುತ್ತಾನೆ, ಅದಕ್ಕೆ ಎಷ್ಟು ಕೊಡುತ್ತಾನೆ, ಅಡುಗೆ ಮಾಡಿದವನು ತಾನು ನಿಂತ ಜಾಗಕ್ಕೆ ಯಾರಿಗೆ ಎಷ್ಟು ಬಾಡಿಗೆ ಕಟ್ಟುತ್ತಾನೆ ಎಂಬ ಪ್ರಶ್ನೆಗಳು ನಮ್ಮವರ ಅಧ್ಯಯನ ಪ್ರವಾಸಗಳ ವರದಿಗಳಲ್ಲಿ ಕಾಣಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಅಂಥ ವರದಿಗಳನ್ನು ಸಾಕಷ್ಟು ಓದಿದ್ದೇನೆ.

ಕಳೆದ ವರ್ಷ ಹತ್ತು ದಿನ ಆ ನಗರದಲ್ಲಿದ್ದಾಗ ಒಂದು ನಿಯಮ ಹಾಕಿಕೊಂಡೆ. ಹೋಟೆಲಿನ ಊಟ ಬೇಡ, ಮಾಲ್‌ಗಳ ಊಟವೂ ಬೇಡ. ಮೂರು ಹೊತ್ತೂ ಅಲ್ಲಿನವರು ‘ಹಾಕರ್ ಸೆಂಟರ್’ ಎಂದು ಕರೆಯುವ ಸಾರ್ವಜನಿಕ ಆಹಾರ ಮಾರುಕಟ್ಟೆಗಳಲ್ಲೇ ತಿನ್ನಬೇಕು. ನಾನು ಸಸ್ಯಾಹಾರಿ. ಆದ್ದರಿಂದ ಈ ಮಾರುಕಟ್ಟೆಗಳ ಕೀರ್ತಿಯ ಬಹುಭಾಗಕ್ಕೆ ನಾಲಗೆಯ ಸಾಕ್ಷ್ಯ ನುಡಿಯುವ ಅರ್ಹತೆ ನನಗಿಲ್ಲ. 2016ರಲ್ಲಿ ಇಂಥದೊಂದು ಮಾರುಕಟ್ಟೆಯ ಅಂಗಡಿಯಲ್ಲಿ ಸುಮಾರು ಎರಡು ಡಾಲರಿಗೆ ಮಾರುತ್ತಿದ್ದ ಕೋಳಿ ಅನ್ನಕ್ಕೆ ಮಿಶೆಲಿನ್ ತಾರೆ ದೊರೆತು ಜಗತ್ತಿನಾದ್ಯಂತ ಸುದ್ದಿಯಾಯಿತು. ಆ ಅಂಗಡಿಯ ಮುಂದಿನ ಸಾಲನ್ನು ನೋಡುವುದಷ್ಟೇ ನನ್ನ ಪಾಲಿಗೆ ಬಂದದ್ದು. ಅದರಿಂದ ನಷ್ಟವೇನೂ ಆಗಲಿಲ್ಲ. ಸಾಲು ನೋಡುವುದರಿಂದಲೂ ಕಲಿಯುವುದು ಬಹಳ ಇದೆ.

ಲಿಟಲ್ ಇಂಡಿಯಾ ರೈಲು ನಿಲ್ದಾಣದಿಂದ ಹೊರಬಂದರೆ ಹತ್ತಿರದಲ್ಲೇ ತೆಕ್ಕಾ ಸೆಂಟರ್. ಆ ಪ್ರದೇಶದ ಹಳೆಯ ಮಲಯ ಹೆಸರು ‘ಕಂದಾಂಗ್ ಕೆರ್ಬಾವ್’, ಎಂದರೆ ಎಮ್ಮೆಗಳ ದೊಡ್ಡಿ. ‘ತೆಕ್ಕಾ’ ಎಂಬುದು ಬಿದಿರ ಮೆಳೆಯ ಬುಡ ಎಂಬರ್ಥದ ಹೊಕ್ಕಿಯನ್ ಚೀನೀ ಮಾತಿನಿಂದ ಬಂದದ್ದು. ಎಮ್ಮೆಗಳೂ ಇಲ್ಲ, ಬಿದಿರೂ ಇಲ್ಲ, ಹೆಸರುಗಳು ಉಳಿದಿವೆ. ಕೆಳ ಅಂತಸ್ತಿನ ಒಂದು ಭಾಗದಲ್ಲಿ ಮೀನು, ಮಾಂಸ, ತರಕಾರಿ. ಕರಿಬೇವು, ಬಾಳೆಎಲೆ, ನುಗ್ಗೆಕಾಯಿ, ಪಡವಲಕಾಯಿ ನೋಡಿದರೆ ಮಲ್ಲೇಶ್ವರದ ಮಾರುಕಟ್ಟೆಯಲ್ಲಿ ನಿಂತಂತೆ ಅನ್ನಿಸುತ್ತದೆ. ಇನ್ನೊಂದು ಭಾಗದಲ್ಲಿ ಬೇಯಿಸಿದ ಆಹಾರದ ಅಂಗಡಿಗಳ ಸಾಲು. ಮೇಲಂತಸ್ತಿನಲ್ಲಿ ಸೀರೆ, ಸಿದ್ಧ ಉಡುಪು, ಬ್ಲೌಸು ಹೊಲಿಯುವ ದರ್ಜಿಗಳು.

ಅಲ್ಲಿ ಮೊದಲ ಬೆಳಿಗ್ಗೆ ತಿಂದದ್ದು ‘ಪುಟು ಮಾಯಂ’. ಹೆಸರು ಹೊಸದಾದರೂ ತಿನಿಸು ನಮ್ಮ ಒತ್ತು ಶಾವಿಗೆಯೇ. ತಮಿಳುನಾಡಿನಿಂದ ಹೋಗಿ ಮಲಯ ಹೆಸರು ಪಡೆದುಕೊಂಡು ಕೂತಿದೆ. ಕಾಯಿತುರಿ ಸರಿ, ಅದರ ಜೊತೆ ಕೇಸರಿ ಬಣ್ಣದ ಸಕ್ಕರೆ ಕೊಡುತ್ತಾರೆ. ಕಾಯಿಹಾಲು ಬೆಲ್ಲದ ರಸಾಯನಕ್ಕೆ ಒಗ್ಗಿದ ನಾಲಗೆಗೆ ಆ ಬಣ್ಣದ ಸಕ್ಕರೆ ಒಪ್ಪಿಗೆಯಾಗಲಿಲ್ಲ. ದೋಸೆ ಅಲ್ಲಿ ‘ತೋಸೈ’. ಪಕ್ಕದ ಅಂಗಡಿಯ ‘ಇಂಡಿಯನ್ ರೋಜಕ್’ ಮಾತ್ರ ಭಾರತದಲ್ಲಿ ಎಲ್ಲಿಯೂ ಕಾಣದ ಭಾರತೀಯ ತಿನಿಸು: ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ವಡೆ, ಕರಿದ ತೋಫು, ಆಲೂಗಡ್ಡೆ, ಹುದುಗು ಬರಿಸಿದ ಸೋಯಾ ಕಾಳಿನ ತೆಂಪೆ ಮೊದಲಾದವುಗಳಲ್ಲಿ ಬೇಕಾದುದನ್ನು ತೋರಿಸಿದರೆ ಕತ್ತರಿಸಿ, ಬಿಸಿ ಮಾಡಿ, ಸಿಹಿಯೂ ಖಾರವೂ ಆದ ಗಟ್ಟಿ ಕೆಂಪು ಸಾರಿನೊಡನೆ ಕೊಡುತ್ತಾರೆ. ತೆಂಪೆ ಜಾವಾದ್ದು, ತೋಫು ಚೀನಾದ್ದು, ವಡೆ ನಮ್ಮದು, ಕೈ ತಮಿಳು ಮುಸ್ಲಿಮನದು. ‘ತೆ ತಾರಿಕ್’ ಎಂದರೆ ಎಳೆದ ಚಹಾ. ಎರಡು ಪಾತ್ರೆಗಳ ನಡುವೆ ಮಾರುದ್ದ ಎಳೆದು ನೊರೆ ಬರಿಸುವ ಆ ಕೈಚಳಕವನ್ನು ನಮ್ಮ ಕಾಫಿಯವರಿಗೆ ವಿವರಿಸಬೇಕಿಲ್ಲ.

ಚೈನಾಟೌನಿನಲ್ಲಿ ಇನ್ನೂರಕ್ಕೂ ಹೆಚ್ಚು ಆಹಾರದ ಅಂಗಡಿಗಳಿರುವ ದೊಡ್ಡ ಕಟ್ಟಡವಿದೆ. ಸಸ್ಯಾಹಾರಿಯ ರಕ್ಷಣೆಗೆ ಅಲ್ಲಿ ಬರುವವರು ಬೌದ್ಧರು. ಹೆಚ್ಚಿನ ಹಾಕರ್ ಸೆಂಟರುಗಳಲ್ಲಿ ಒಂದಾದರೂ ಬೌದ್ಧ ಸಸ್ಯಾಹಾರದ ಅಂಗಡಿ ಸಿಗುತ್ತದೆ. ಅಕ್ಕಿ ಶಾವಿಗೆ, ಹುರಿದ ಎಲೆಕೋಸು, ಗೋಧಿಯ ಅಂಟಿನಿಂದ ಮಾಡಿದ ಹುಸಿಮಾಂಸ. ಚೀನೀ ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೆಯ ದಿನ ಈ ಅಂಗಡಿಗಳ ಮುಂದೆ ಸಾಲು ಉದ್ದವಾಗುತ್ತದೆ. ನಮ್ಮ ಏಕಾದಶಿ, ಸೋಮವಾರಗಳ ಹಾಗೆ ಅಂದು ಅನೇಕರು ಮಾಂಸ ಬಿಡುತ್ತಾರೆ. ಬಿಸಿಯಾದ ಮೆತ್ತನೆಯ ಸೋಯಾ ಗಿಣ್ಣು, ತೆಂಗಿನ ಹಾಲು ಮತ್ತು ತಾಳೆಬೆಲ್ಲ ಹಾಕಿದ ಚೆಂಡೋಲ್ ಇವೆರಡನ್ನು ಮಾತ್ರ ನಾನು ದಿನ ತಪ್ಪಿಸದೆ ತಿಂದೆ. ವೈದ್ಯರಿಗೆ ಹೇಳಿಲ್ಲ.

ಕುಳಿತುಕೊಳ್ಳುವ ಜಾಗಕ್ಕೆ ಅಲ್ಲೊಂದು ವಿಚಿತ್ರ ಕಾನೂನಿದೆ, ಯಾರೂ ಬರೆಯದ ಕಾನೂನು. ಖಾಲಿ ಮೇಜಿನ ಮೇಲೆ ಕಾಗದದ ಕರವಸ್ತ್ರದ ಪೊಟ್ಟಣವೊಂದು ಬಿದ್ದಿದ್ದರೆ ಅದು ಇನ್ನೊಬ್ಬರ ಮೇಜು. ಅವರು ಊಟ ತರಲು ಸಾಲಿನಲ್ಲಿ ನಿಂತಿದ್ದಾರೆ. ಇದಕ್ಕೆ ‘ಚೋಪ್’ ಮಾಡುವುದು ಎನ್ನುತ್ತಾರೆ. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ತಲೆಮಾರಿನವನಾದ ನನಗೆ ಇದರ ನ್ಯಾಯಶಾಸ್ತ್ರ ತಕ್ಷಣ ಅರ್ಥವಾಯಿತು. ತಿಂದ ಮೇಲೆ ತಟ್ಟೆಯನ್ನು ನಾವೇ ಒಯ್ದು ಇಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ, ಮತ್ತೆ ಮತ್ತೆ ತಪ್ಪಿದರೆ ದಂಡ. ಹಲಾಲ್ ಆಹಾರದ ತಟ್ಟೆಗಳಿಗೆ ಬೇರೆ ಕಪಾಟು, ಉಳಿದವಕ್ಕೆ ಬೇರೆ. ಆದರೆ ಮೇಜು ಒಂದೇ. ತಟ್ಟೆ ಬೇರೆಯಾದರೂ ಪಂಕ್ತಿ ಒಂದೇ ಆಗಬಹುದು ಎಂಬುದನ್ನು ಆ ಮೇಜುಗಳು ದಿನಕ್ಕೆ ಮೂರು ಬಾರಿ ತೋರಿಸುತ್ತವೆ.

ಇಷ್ಟೆಲ್ಲದರ ಬೆಲೆ? ನಾನು ತಿಂದ ಯಾವ ಊಟವೂ ಆರು ಸಿಂಗಪುರ ಡಾಲರ್ ದಾಟಲಿಲ್ಲ. ಒಂದು ಡಾಲರಿಗೆ ಎಪ್ಪತ್ತು ರೂಪಾಯಿಯ ಆಸುಪಾಸು ಹಿಡಿದರೆ ನಮಗೆ ದುಬಾರಿಯೆನಿಸೀತು. ಆದರೆ ತಲಾ ಆದಾಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ, ಭೂಮಿಯ ಬೆಲೆ ಗಗನಕ್ಕೇರಿರುವ ನಗರದಲ್ಲಿ ಇದು ಅಗ್ಗವಷ್ಟೇ ಅಲ್ಲ, ವಿವರಣೆ ಬೇಡುವ ಅಗ್ಗ. ಅರ್ಥಶಾಸ್ತ್ರ ಓದಿದವನಿಗೆ ಅಗ್ಗದ ಊಟ ಕಂಡಾಗ ರುಚಿಯ ನಂತರ ಹುಟ್ಟುವ ಪ್ರಶ್ನೆ ಒಂದೇ: ಉಳಿದ ಹಣವನ್ನು ಯಾರು ತೆತ್ತರು?

ಉತ್ತರಕ್ಕಾಗಿ ಅರುವತ್ತು ವರ್ಷ ಹಿಂದೆ ಹೋಗಬೇಕು. ಎರಡನೆಯ ಮಹಾಯುದ್ಧದ ನಂತರದ ಸಿಂಗಪುರದ ಬೀದಿಗಳು ನಮ್ಮ ಬೀದಿಗಳಿಗಿಂತ ಬೇರೆಯಾಗಿರಲಿಲ್ಲ. ಕೆಲಸವಿಲ್ಲದವರ ಕೊನೆಯ ಆಸರೆ ತಳ್ಳುಗಾಡಿ. ನೀರಿಲ್ಲ, ಚರಂಡಿಯಿಲ್ಲ, ಎಂಜಲು ನೇರ ನದಿಗೆ. ಕಾಲರಾ, ವಿಷಮಶೀತಜ್ವರದ ಭಯ ಒಂದು ಕಡೆ. ಪೊಲೀಸರ ದಾಳಿ, ಸ್ಥಳೀಯ ಪುಂಡರ ವಸೂಲಿ ಇನ್ನೊಂದು ಕಡೆ. ವಸಾಹತು ಸರ್ಕಾರ 1950ರಲ್ಲಿ ವಿಚಾರಣಾ ಆಯೋಗವೊಂದನ್ನು ನೇಮಿಸಿತು, ಸಮಸ್ಯೆ ಹಾಗೆಯೇ ಉಳಿಯಿತು. 1965ರಲ್ಲಿ ಸ್ವತಂತ್ರವಾದ ಮೇಲೆ ಹೊಸ ಸರ್ಕಾರ ಮಾಡಿದ ಮೊದಲ ಕೆಲಸ ಕಟ್ಟಡ ಕಟ್ಟುವುದಲ್ಲ, ಎಣಿಸುವುದು. 1968–69ರಲ್ಲಿ ದ್ವೀಪದಾದ್ಯಂತ ಬೀದಿ ವ್ಯಾಪಾರಿಗಳ ನೋಂದಣಿ ನಡೆದು, ಸುಮಾರು 18,000 ಮಂದಿಗೆ ಪರವಾನಗಿ ಕೊಡಲಾಯಿತು. ಪರವಾನಗಿ ಸಿಕ್ಕಿತೆಂದರೆ ಬೀದಿಯಲ್ಲಿ ಇರುವ ಹಕ್ಕು ಆ ಮಟ್ಟಿಗೆ ಸಿಕ್ಕಿತು. ಬೀದಿಯಿಂದ ಎತ್ತಿದರೆ ಇನ್ನೊಂದು ಕಡೆ ಜಾಗ ಕೊಡುವ ಹೊಣೆ ಸರ್ಕಾರದ ತಲೆಗೆ ಬಂತು. 1971ರಿಂದ 1986ರವರೆಗೆ ಹದಿನೈದು ವರ್ಷ ಮಾರುಕಟ್ಟೆಗಳನ್ನು ಕಟ್ಟುತ್ತ, ಬೀದಿಯಿಂದ ಅಲ್ಲಿಗೆ ವ್ಯಾಪಾರಿಗಳನ್ನು ಸಾಗಿಸುತ್ತ ಹೋದರು. ಸಿಂಗಪುರ ನದಿಯನ್ನು ಹತ್ತು ವರ್ಷದಲ್ಲಿ ಶುದ್ಧಗೊಳಿಸಬೇಕೆಂದು ಪ್ರಧಾನಿ ಲೀ ಕ್ವಾನ್ ಯೂ 1977ರಲ್ಲಿ ಗಡುವು ಕೊಟ್ಟಾಗ ನದಿಯ ಜಲಾನಯನ ಪ್ರದೇಶದಿಂದಲೇ ಸುಮಾರು 5,000 ಬೀದಿ ವ್ಯಾಪಾರಿಗಳು ಸ್ಥಳಾಂತರಗೊಂಡರು.

ಇದೆಲ್ಲ ಮಾತಿನಲ್ಲಿ ಮುಗಿಯಿತು ಎಂದು ಯಾರೂ ತಿಳಿಯಬಾರದು. ಪರವಾನಗಿ ಇಲ್ಲದವರ ಮೇಲೆ ವಿಶೇಷ ತಂಡಗಳ ದಾಳಿಗಳು ನಡೆದವು, ಗಾಡಿಗಳು ಜಪ್ತಿಯಾದವು. 1966ರ ಭೂಸ್ವಾಧೀನ ಕಾಯ್ದೆ ಸರ್ಕಾರಕ್ಕೆ ಅಗ್ಗದಲ್ಲಿ ಭೂಮಿ ಪಡೆಯುವ ಅಧಿಕಾರ ಕೊಟ್ಟಿತ್ತು. ಆ ಭೂಮಿಯ ಮೇಲೆ ಎದ್ದ ಸಾರ್ವಜನಿಕ ವಸತಿ ಬಡಾವಣೆಗಳ ನಡುವೆಯೇ ಮಾರುಕಟ್ಟೆಗಳು ಬಂದವು. ಗಿರಾಕಿಗಳು ಎಲ್ಲಿ ವಾಸಕ್ಕೆ ಹೋದರೋ ಅಲ್ಲಿಗೇ ವ್ಯಾಪಾರಿ ಹೋದ. ಸ್ಥಳಾಂತರ ಯಶಸ್ವಿಯಾದುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಅದೇ ಕಾಲಕ್ಕೆ ಕಾರ್ಖಾನೆಗಳು ಯುವಜನರಿಗೆ ಕೆಲಸ ಕೊಡತೊಡಗಿದ್ದರಿಂದ ಬೀದಿಗೆ ಹೊಸಬರು ಬರುವುದು ಕಡಿಮೆಯಾಯಿತು. ಬಾಗಿಲು ಹಾಕುವ ಮುನ್ನ ಬೇರೊಂದು ಬಾಗಿಲು ತೆರೆದಿತ್ತು. ಕೈಯಲ್ಲಿ ಭೂಮಿಯೂ ಉದ್ಯೋಗವೂ ಇದ್ದ ಸರ್ಕಾರದ ಕಥೆ ಇದು. ಎರಡೂ ಇಲ್ಲದ ಸರ್ಕಾರ ಇದರ ಕೊನೆಯ ಪುಟವನ್ನಷ್ಟೇ ನಕಲು ಮಾಡಿದರೆ ಉಳಿಯುವುದು ಜಪ್ತಿಯಾದ ಗಾಡಿಗಳು ಮಾತ್ರ.

ಈಗ ಬಾಡಿಗೆಯ ಮಾತು. ಬೀದಿಯಿಂದ ಬಂದ ಮೊದಲ ತಲೆಮಾರಿನವರಿಗೆ ಸರ್ಕಾರ ತಿಂಗಳಿಗೆ ಕೆಲವೇ ನೂರು ಡಾಲರಿನ ರಿಯಾಯಿತಿ ಬಾಡಿಗೆ ಗೊತ್ತುಮಾಡಿತು. ಭೂಮಿಯ ನಿಜಬೆಲೆಯನ್ನು ಲೆಕ್ಕದಿಂದ ಹೊರಗಿಟ್ಟದ್ದೇ ಇದರ ತಿರುಳು. ಇದನ್ನು ಬಡ ವ್ಯಾಪಾರಿಗೆ ಕೊಟ್ಟ ಸಹಾಯಧನ ಎಂದು ನೋಡುವುದು ರೂಢಿ. ನನಗೆ ಹಾಗೆ ಕಾಣುವುದಿಲ್ಲ. ಧಾನ್ಯದ ಬೆಲೆ ಇಳಿದರೆ ಕೂಲಿ ಏರುವ ಒತ್ತಡ ತಗ್ಗಿ ಬಂಡವಾಳದ ಲಾಭ ಹೆಚ್ಚುತ್ತದೆಂದು ಡೇವಿಡ್ ರಿಕಾರ್ಡೊ ಇನ್ನೂರು ವರ್ಷಗಳ ಹಿಂದೆ ವಾದಿಸಿದ್ದ. ಇಂಗ್ಲೆಂಡಿನಲ್ಲಿ ಗೋಧಿ ಮಾಡಬೇಕಾಗಿದ್ದ ಕೆಲಸವನ್ನು ಸಿಂಗಪುರದಲ್ಲಿ ಮೂರು ಡಾಲರಿನ ಶಾವಿಗೆ ಬಟ್ಟಲು ಮಾಡಿತು. ಗಂಡಹೆಂಡತಿ ಇಬ್ಬರೂ ಕಾರ್ಖಾನೆಗೆ ಹೋಗಬಹುದು, ಮನೆಯಲ್ಲಿ ಒಲೆ ಹೊತ್ತಿಸಬೇಕಿಲ್ಲ, ಅಗ್ಗದ ಊಟ ಇರುವುದರಿಂದ ಸಾಧಾರಣ ಸಂಬಳದಲ್ಲೂ ಬದುಕು ನಡೆಯುತ್ತದೆ. ಹೂಡಿಕೆದಾರನಿಗೆ ದೊರೆತ ಈ ಅನುಕೂಲದ ಒಂದು ಪಾಲನ್ನು ಖಜಾನೆ ತೆತ್ತಿತು. ಇನ್ನೊಂದು ಪಾಲನ್ನು ಒಲೆಯ ಮುಂದೆ ನಿಂತ ಮನುಷ್ಯ ತೆತ್ತ, ಈಗಲೂ ತೆರುತ್ತಿದ್ದಾನೆ.

ತೆಕ್ಕಾದ ದೋಸೆ ಅಂಗಡಿಯವರೊಡನೆ ನನ್ನ ಬೆಂಗಳೂರು ತಮಿಳಿನಲ್ಲಿ ಮಾತಾಡುತ್ತಿದ್ದೆ. ಅರುವತ್ತು ದಾಟಿದವರು. ಬೆಳಗಿನ ಜಾವ ಮೂರೂವರೆಗೆ ಏಳುತ್ತಾರೆ. “ಮಗ ಬ್ಯಾಂಕಿನಲ್ಲಿದ್ದಾನೆ ಸಾರ್. ಇಲ್ಲಿ ಬಂದು ನಿಲ್ಲು ಅಂತ ನಾನೂ ಹೇಳೋದಿಲ್ಲ, ಅವನೂ ಕೇಳೋದಿಲ್ಲ” ಎಂದರು. ಅವರೊಬ್ಬರ ಮಾತಲ್ಲ ಇದು. ಆ ದೇಶದ ಹಾಕರ್‌ಗಳ ಸರಾಸರಿ ವಯಸ್ಸು ಅರುವತ್ತರ ಸಮೀಪದಲ್ಲಿದೆ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಸಿಂಗಪುರದ ಹಾಕರ್ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಪರಂಪರೆಯೆಂದು ಘೋಷಿಸುವ ಹೊತ್ತಿಗೆ ಸಾಮಾನ್ಯವಾಗಿ ವಾರಸುದಾರರು ಮನೆ ಬಿಟ್ಟಿರುತ್ತಾರೆ.

ಹಳಬರು ನಿವೃತ್ತರಾದಂತೆ ಅಂಗಡಿಗಳು ಟೆಂಡರಿಗೆ ಬರುತ್ತವೆ. 2012ರಲ್ಲಿ ಸರ್ಕಾರ ಕನಿಷ್ಠ ಬಿಡ್ ಮೊತ್ತದ ನಿಯಮ ತೆಗೆದುಹಾಕಿತು. ಒಂದು ಡಾಲರಿಗೂ ಕೂಗಬಹುದು, ಅಂಗಡಿ ಪಡೆದವನೇ ಖುದ್ದಾಗಿ ನಡೆಸಬೇಕು, ಒಳಬಾಡಿಗೆಗೆ ಕೊಡುವಂತಿಲ್ಲ. ಹೀಗಾಗಿ ರಿಯಾಯಿತಿಯಿಲ್ಲದ ಅಂಗಡಿಗಳ ಮಧ್ಯಮ ಬಾಡಿಗೆ ಹಲವು ವರ್ಷ ತಿಂಗಳಿಗೆ 1,250 ಡಾಲರಿನ ಆಸುಪಾಸಿನಲ್ಲೇ ನಿಂತಿತು. ಆದರೆ 2024ರಲ್ಲಿ ಮರೀನ್ ಪೆರೇಡ್ ಬಡಾವಣೆಯ ಅಂಗಡಿಯೊಂದಕ್ಕೆ ಯಾರೋ ತಿಂಗಳಿಗೆ 10,158 ಡಾಲರ್ ಕೂಗಿದರು. ಊಟದ ಬೆಲೆ ಏರುವುದರಿಂದ ಬಾಡಿಗೆ ಏರುತ್ತದೆಯೇ ಹೊರತು ಬಾಡಿಗೆಯಿಂದ ಊಟದ ಬೆಲೆ ಏರುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಗಿರಾಕಿ ಐವತ್ತು ಸೆಂಟ್ ಹೆಚ್ಚಿಸಿದರೂ ಮುಖ ತಿರುಗಿಸುವ ಮಾರುಕಟ್ಟೆಯಲ್ಲಿ ಈ ಮಾತು ಅರ್ಧ ನಿಜ. ಅಲ್ಲಿ ಹೆಚ್ಚಿದ ಬಾಡಿಗೆ ಬೆಲೆಪಟ್ಟಿಯಲ್ಲಿ ಕಾಣಿಸುವುದಿಲ್ಲ, ವ್ಯಾಪಾರಿಯ ನಿದ್ರೆಯಲ್ಲಿ ಕಡಿತವಾಗುತ್ತದೆ. ಕೈಯಾಳು ಸಿಗುವುದೂ ಕಷ್ಟ. ಅಂಗಡಿ ನಡೆಸುವವರು ದೇಶದ ಪೌರರು ಅಥವಾ ಕಾಯಂ ನಿವಾಸಿಗಳಾಗಿರಬೇಕು. ಸಹಾಯಕರ ವಿಷಯದಲ್ಲಿ ಮಾತ್ರ 2025ರ ಜನವರಿಯಿಂದ ನಿಯಮ ಸ್ವಲ್ಪ ಸಡಿಲಗೊಂಡು, ದೀರ್ಘಾವಧಿ ಭೇಟಿ ಪರವಾನಗಿ ಇರುವವರನ್ನು ಇಟ್ಟುಕೊಳ್ಳಬಹುದಾಗಿದೆ. 1986ರ ನಂತರ ನಿಲ್ಲಿಸಿದ್ದ ಹೊಸ ಮಾರುಕಟ್ಟೆಗಳ ನಿರ್ಮಾಣವನ್ನು ಸರ್ಕಾರ 2011ರಲ್ಲಿ ಮತ್ತೆ ಘೋಷಿಸಿತು. ಹೊಸವನ್ನು ನಡೆಸುವ ಹೊಣೆಯನ್ನು ಹೊರಗಿನ ನಿರ್ವಾಹಕ ಸಂಸ್ಥೆಗಳಿಗೆ ಕೊಟ್ಟಾಗ, ಕರಾರಿನ ಷರತ್ತುಗಳ ಬಗ್ಗೆ, ಮೇಲಿನ ಶುಲ್ಕಗಳ ಬಗ್ಗೆ 2018ರಲ್ಲಿ ದೊಡ್ಡ ಗದ್ದಲವೇ ಎದ್ದಿತು. ಮಧ್ಯವರ್ತಿಯನ್ನು ಹೊರಗಿಟ್ಟು ಗೆದ್ದ ವ್ಯವಸ್ಥೆಗೆ ಮಧ್ಯವರ್ತಿಯನ್ನು ಹಿಂಬಾಗಿಲಿನಿಂದ ಕರೆತಂದರೆ ಹೀಗಾಗುವುದು ಸಹಜ.

ಒಂದು ಸಂಜೆಯ ದೃಶ್ಯವನ್ನು ಹೇಳಲೇಬೇಕು. ಹಣಕಾಸು ಸಂಸ್ಥೆಗಳ ಗೋಪುರಗಳ ನಡುವೆ ಲಾವ್ ಪಾ ಸಾತ್ ಎಂಬ ಎಂಟು ಮೂಲೆಯ ಹಳೆಯ ಮಾರುಕಟ್ಟೆಯಿದೆ. 1894ರ ಎರಕದ ಕಬ್ಬಿಣದ ಕಟ್ಟಡ, ಈಗ ರಾಷ್ಟ್ರೀಯ ಸ್ಮಾರಕ. ಅದರ ಪಕ್ಕದ ಬೂನ್ ತಾತ್ ಬೀದಿಯಲ್ಲಿ ಸಂಜೆ ವಾಹನ ಸಂಚಾರ ನಿಲ್ಲುತ್ತದೆ. ರಸ್ತೆಯ ಮೇಲೆಯೇ ಮೇಜು ಕುರ್ಚಿ ಬರುತ್ತವೆ, ಇದ್ದಿಲ ಒಲೆಗಳು ಹೊತ್ತಿಕೊಳ್ಳುತ್ತವೆ, ಸಾತೇ ಎಂಬ ಮಾಂಸದ ಕಡ್ಡಿಗಳನ್ನು ಸುಡುವ ಹೊಗೆ ಏಳುತ್ತದೆ. ಹದಿನೈದು ವರ್ಷ ಶ್ರಮಪಟ್ಟು ಬೀದಿಯಿಂದ ಒಲೆಯನ್ನು ಎತ್ತಿದ ದೇಶ, ಅತ್ಯಂತ ಬೆಲೆಬಾಳುವ ರಸ್ತೆಯೊಂದನ್ನು ದಿನವೂ ಮುಚ್ಚಿ ಒಲೆಗೆ ಬಿಟ್ಟುಕೊಡುತ್ತದೆ. ನಾನು ಬೇಯಿಸಿದ ಜೋಳದ ತೆನೆ ತಿನ್ನುತ್ತ ಅದನ್ನೇ ನೋಡುತ್ತಿದ್ದೆ. ರಸ್ತೆಯನ್ನು ಹೊತ್ತಿಗೆ ತಕ್ಕಂತೆ ಹಂಚಿಕೊಳ್ಳಬಹುದು ಎಂಬ ಈ ತಿಳಿವು ಬೆಂಗಳೂರಿಗೆ ಹೊಸದೇನಲ್ಲ. ವಿಶ್ವೇಶ್ವರಪುರದ ತಿಂಡಿ ಬೀದಿ ಮಾಡುತ್ತ ಬಂದಿರುವುದೂ ಇದನ್ನೇ. ಅವರೆಕಾಯಿ ಮೇಳ ಬೆಳೆದದ್ದೂ ಹೀಗೆಯೇ.

ಆ ತಿಂಡಿ ಬೀದಿಗೆ 2023ರಲ್ಲಿ ನವೀಕರಣ ನಡೆಯಿತು. ರಸ್ತೆ ಅಗೆದು, ಕೊಳವೆ ಹಾಕಿ, ಕಲ್ಲು ಹಾಸುವ ಕಾಮಗಾರಿ ಎಳೆದಾಡಿದ ತಿಂಗಳುಗಳಲ್ಲಿ ವ್ಯಾಪಾರ ಕುಸಿಯಿತೆಂಬ ಅಳಲು ಅಂಗಡಿಯವರದ್ದು. ಕಸ, ಹೊಗೆ, ಮನೆಬಾಗಿಲಿಗೆ ಅಡ್ಡ ನಿಲ್ಲುವ ವಾಹನಗಳ ಬಗ್ಗೆ ನಿವಾಸಿಗಳ ದೂರಿನಲ್ಲೂ ಹುರುಳಿದೆ. ಅದೇ ವರ್ಷ ಕೇಂದ್ರ ಸರ್ಕಾರ ದೇಶದಾದ್ಯಂತ 100 ಆಹಾರ ಬೀದಿಗಳನ್ನು ತಲಾ ಒಂದು ಕೋಟಿ ರೂಪಾಯಿ ನೆರವಿನಲ್ಲಿ ಅಭಿವೃದ್ಧಿಪಡಿಸಲು ರಾಜ್ಯಗಳಿಗೆ ಸೂಚಿಸಿತು. ಯೋಜನೆಗಳಿಗೆ ಕೊರತೆಯಿಲ್ಲ. ಅವೆಲ್ಲ ಕಲ್ಲುಹಾಸಿನಿಂದ ಆರಂಭವಾಗುತ್ತವೆ ಎಂಬುದಷ್ಟೇ ನನ್ನ ತಕರಾರು.

ಕಾನೂನಿಗೂ ಕೊರತೆಯಿಲ್ಲ. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನದ 19(1)(ಜಿ) ವಿಧಿಯಡಿ ಬರುವ ಹಕ್ಕು, ಸಕಾರಣ ನಿರ್ಬಂಧಗಳಿಗೆ ಒಳಪಟ್ಟದ್ದು ಎಂದು ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ಜನ ತಾವಾಗಿ ಕೂಡುವ ಸಹಜ ಮಾರುಕಟ್ಟೆ ಎಂಬ ಪರಿಕಲ್ಪನೆಗೂ ಕಾಯ್ದೆಯಲ್ಲಿ ಜಾಗವಿದೆ. ಸಿಂಗಪುರದ ಯಾವ ಹಾಕರ್‌ಗೂ ಇಷ್ಟು ಶಾಸನಬದ್ಧ ಹಕ್ಕು ಎಂದೂ ಇರಲಿಲ್ಲ. ಅವನಿಗೆ ನಲ್ಲಿ ಇತ್ತು, ಇವನಿಗೆ ಕಾಯ್ದೆ ಇದೆ.

ಎಣಿಕೆಯನ್ನೇ ನೋಡಿ. ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ಎಲ್ಲ ಹಾಲಿ ವ್ಯಾಪಾರಿಗಳಿಗೂ ಸ್ಥಳ ಕೊಡಬೇಕೆನ್ನುತ್ತದೆ ಕಾಯ್ದೆ. 2011ರ ಜನಗಣತಿಯಲ್ಲಿ ಬೃಹತ್ ಬೆಂಗಳೂರು ಪಾಲಿಕೆಯ ಜನಸಂಖ್ಯೆ ಸುಮಾರು 84 ಲಕ್ಷ. ಮಿತಿ ಎರಡು ಲಕ್ಷ ದಾಟುತ್ತದೆ. 2017ರ ಸಮೀಕ್ಷೆ ಗುರುತಿಸಿದ್ದು ಸುಮಾರು 25,000 ಮಂದಿಯನ್ನು. ಮಿತಿ ಎಂಬುದು ಅಂದಾಜಲ್ಲ, ಒಪ್ಪುತ್ತೇನೆ. ಆದರೂ ಈ ಊರಿನ ಯಾವುದಾದರೂ ಬಡಾವಣೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಡೆದವರು ಆ 25,000ವನ್ನು ನಂಬಲಾರರು. ಸಮೀಕ್ಷೆದಾರ ಹಗಲು ಬಂದರೆ ರಾತ್ರಿಯ ಗಾಡಿ ಇರುವುದಿಲ್ಲ, ಸಂಜೆ ಬಂದರೆ ಬೆಳಗಿನ ಇಡ್ಲಿಯವಳು ಮನೆಗೆ ಹೋಗಿರುತ್ತಾಳೆ. ಸಿಂಗಪುರದ ಹಾಗೆ ಎಲ್ಲಕ್ಕಿಂತ ಮೊದಲು ಎಣಿಸಿದ್ದರೆ ಉಳಿದುದಕ್ಕೆ ನೆಲೆ ಸಿಗುತ್ತಿತ್ತು. ನಾವು 2020ರ ಜೂನಿನಲ್ಲಿ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಡಿ ಮೊದಲ ಕಂತು 10,000 ರೂಪಾಯಿ ಸಾಲ ಕೊಡಲು ಹೊರಟೆವು. 2025ರಲ್ಲಿ ಅದು 15,000 ಆಯಿತು. ಸಮೀಕ್ಷೆಯಲ್ಲಿ ಹೆಸರಿಲ್ಲದವರಿಗೂ ಶಿಫಾರಸು ಪತ್ರದ ಮೇಲೆ ಸಾಲ ಸಿಕ್ಕಿತು, ಒಳ್ಳೆಯದೇ ಆಯಿತು. ಹೀಗೆ ಬ್ಯಾಂಕು ವ್ಯಾಪಾರಿ ಎಂದು ಒಪ್ಪಿಕೊಂಡ ವ್ಯಕ್ತಿಯೇ ಸಂಚಾರ ಪೊಲೀಸರ ಪಾಲಿಗೆ ಒತ್ತುವರಿದಾರ. ಸಾಲದಿಂದ ಕೊಂಡ ಗಾಡಿ ತೆರವು ಕಾರ್ಯಾಚರಣೆಯ ಲಾರಿಯೇರಿದರೆ ಕಂತು ಕಟ್ಟುವವರು ಯಾರು?

ನಮ್ಮ ಮನೆಯ ತಿರುವಿನಲ್ಲಿ ತಟ್ಟೆ ಇಡ್ಲಿ ಮಾರುವ ಹೆಣ್ಣುಮಗಳೊಬ್ಬಳ ಲೆಕ್ಕವನ್ನು ಒಮ್ಮೆ ಕುಳಿತು ಬರೆದುಕೊಂಡೆ. ಅಕ್ಕಿ, ಉದ್ದು, ಅನಿಲ, ಎಣ್ಣೆ ಎಲ್ಲ ನಿರೀಕ್ಷಿಸಿದಷ್ಟೇ. ನನ್ನ ಊಹೆಗೆ ಮೀರಿದ್ದು ನೀರು. ಕ್ಯಾನುಗಟ್ಟಲೆ ಕೊಳ್ಳುತ್ತಾಳೆ, ಕುಡಿಯುವುದಕ್ಕೂ ತಟ್ಟೆ ತೊಳೆಯುವುದಕ್ಕೂ. 2024ರ ಬೇಸಿಗೆಯ ನೀರಿನ ಅಭಾವದಲ್ಲಿ ಎರಡು ವಾರ ಅಂಗಡಿಯನ್ನೇ ಇಡಲಿಲ್ಲ. ಒಂದೇ ಬಕೆಟ್ಟಿನಲ್ಲಿ ನೂರು ತಟ್ಟೆ ಅದ್ದುವ ಗಾಡಿಯನ್ನು ಕಂಡು ಮೂಗು ಮುರಿಯುವ ನಾವು, ಆ ಬಕೆಟ್ಟಿನ ನೀರಿಗೆ ಅವಳು ನಮಗಿಂತ ಎಷ್ಟು ಪಟ್ಟು ಹೆಚ್ಚು ಬೆಲೆ ತೆತ್ತಿದ್ದಾಳೆಂದು ಕೇಳುವುದಿಲ್ಲ. “ನಲ್ಲಿ ಒಂದು ಕೊಡಿಸಿ ಸಾರ್, ಬಾಡಿಗೆ ಬೇಕಾದ್ರೆ ನಾನೇ ಕಟ್ತೀನಿ” ಎಂದಳು. ಬಾಡಿಗೆ ಅವಳು ಈಗಲೂ ಕಟ್ಟುತ್ತಿದ್ದಾಳೆ, ರಸೀದಿಯಿಲ್ಲದೆ, ಬಂದವರಿಗೆಲ್ಲ. ಅದಕ್ಕೆ ನಮ್ಮಲ್ಲಿ ಮಾಮೂಲು ಎಂಬ ಹೆಸರಿದೆ. ನಾನು ಕೆಲಸ ಮಾಡಿದ ಸಣ್ಣ ಪಟ್ಟಣವೊಂದರಲ್ಲಿ ಇದಕ್ಕೆ ಅಧಿಕೃತ ರೂಪವೂ ಇತ್ತು: ಸಂತೆ ಮತ್ತು ಬೀದಿಯ ನೆಲಬಾಡಿಗೆ ವಸೂಲಿಯ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಿದ್ದರು. ಗುತ್ತಿಗೆ ಹಿಡಿದವನು ವಸೂಲಿ ಮಾಡುತ್ತಿದ್ದ, ಆ ಹಣದಲ್ಲಿ ಸಂತೆಗೆ ಒಂದು ಚರಂಡಿಯೂ ಬರುತ್ತಿರಲಿಲ್ಲ. ಸಂಗ್ರಹ ಒಬ್ಬನದು, ಹೊಣೆ ಯಾರದೂ ಅಲ್ಲ.

ಸಿಂಗಪುರದಲ್ಲಿ ನಾನು ಮೆಚ್ಚಿದ್ದು ಇದರ ತದ್ವಿರುದ್ಧವನ್ನು. ಪರವಾನಗಿ ಕೊಡುವುದು, ಬಾಡಿಗೆ ಪಡೆಯುವುದು, ಮಾರುಕಟ್ಟೆಯ ದುರಸ್ತಿ, ಇವೆಲ್ಲ ಬಹುಕಾಲ ಪರಿಸರ ಸಚಿವಾಲಯದ ಒಂದೇ ಸೂರಿನಡಿ ಇದ್ದವು. 2002ರಿಂದ ರಾಷ್ಟ್ರೀಯ ಪರಿಸರ ಸಂಸ್ಥೆ ಮಾರುಕಟ್ಟೆಗಳನ್ನು ನೋಡಿಕೊಳ್ಳುತ್ತಿದೆ. ಅಂಗಡಿಯ ಶುಚಿತ್ವಕ್ಕೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟು ಅದನ್ನು ಗಿರಾಕಿಗೆ ಕಾಣುವಂತೆ ತೂಗುಹಾಕುವ ಪದ್ಧತಿ 1997ರಲ್ಲಿ ಬಂತು. ಮುಂದೆ ಅದರ ರೂಪ ಬದಲಾಯಿತು. ನಮ್ಮಲ್ಲಿ ಒಂದು ಇಡ್ಲಿ ಗಾಡಿಯ ಮೇಲೆ ಅಧಿಕಾರ ಚಲಾಯಿಸುವವರನ್ನು ಎಣಿಸಿದರೆ ಆರೋಗ್ಯ ನಿರೀಕ್ಷಕ, ಎಂಜಿನಿಯರ್, ಆಹಾರ ಸುರಕ್ಷತಾ ಅಧಿಕಾರಿ, ಸಂಚಾರ ಪೊಲೀಸ್, ಕಾನೂನು ಸುವ್ಯವಸ್ಥೆಯ ಪೊಲೀಸ್ ಎಲ್ಲರೂ ಬರುತ್ತಾರೆ. ನೀರು ಕೊಡುವವರು ಆ ಪಟ್ಟಿಯಲ್ಲಿ ಇಲ್ಲ.

ಎಲ್ಲ ಗಾಡಿಗಳನ್ನೂ ಕಟ್ಟಡದೊಳಗೆ ಸೇರಿಸಿ ಎಂದು ನಾನು ಹೇಳುತ್ತಿಲ್ಲ. ಆ ದಾರಿ ನಮಗೆ ತೆರೆದಿಲ್ಲ. ಕಾರ್ಖಾನೆಯ ಕೆಲಸ ಅವರನ್ನು ಕರೆಯುತ್ತಿಲ್ಲ, ನಗರದ ನಡುವೆ ಸರ್ಕಾರದ ಭೂಮಿ ಉಳಿದಿಲ್ಲ, ಉಳಿದದ್ದು ಇಡ್ಲಿಯವಳ ಪಾಲಿಗೆ ಬರುವುದೂ ಇಲ್ಲ. ಊರಾಚೆ ಕಟ್ಟಿದ ಮಳಿಗೆಗಳು ಗಿರಾಕಿಗಳಿಲ್ಲದೆ ಪಾಳುಬೀಳುವುದನ್ನು ಹಲವು ಪಟ್ಟಣಗಳಲ್ಲಿ ನೋಡಿದ್ದೇನೆ. ಸಿಂಗಪುರದಿಂದ ತರಬಹುದಾದ್ದು ಸಣ್ಣ ಸಂಗತಿಗಳು: ಇರುವ ಜಾಗದ ಬಳಿಯೇ ಒಂದು ನಲ್ಲಿ, ಒಂದು ಜಿಡ್ಡು ತಡೆಯುವ ಚರಂಡಿ ಗುಂಡಿ, ರಾತ್ರಿ ಕಸ ಒಯ್ಯುವ ವಾಹನ, ಅಡುಗೆ ಮಾಡುವ ವ್ಯಕ್ತಿಯ ಹೆಸರಿನಲ್ಲೇ ಪರವಾನಗಿ, ಒಳಬಾಡಿಗೆಗೆ ನಿಷೇಧ, ಬ್ಯಾಂಕಿಗೆ ನೇರವಾಗಿ ಕಟ್ಟುವ ತಿಂಗಳ ಬಾಡಿಗೆ, ಅದಕ್ಕೊಂದು ರಸೀದಿ. ಪಾದಚಾರಿಗೆ ಇಷ್ಟು ಅಡಿ ಬಿಡಬೇಕೆಂದು ನೆಲದ ಮೇಲೆ ಬಣ್ಣದ ಗೆರೆ ಎಳೆದರೆ ಅದನ್ನು ದಾಟದಂತೆ ನೋಡಿಕೊಳ್ಳಲು ಪಕ್ಕದ ವ್ಯಾಪಾರಿಯೇ ಸಾಕು, ಏಕೆಂದರೆ ರಸೀದಿ ಅವನ ಬಳಿಯೂ ಇರುತ್ತದೆ. ಬಾಡಿಗೆ ಕಟ್ಟಿಸಿಕೊಳ್ಳುವುದು ಬಡವರ ಮೇಲಿನ ಹೊರೆ ಎಂದು ವ್ಯಾಪಾರಿ ಸಂಘಟನೆಗಳ ಕೆಲವು ಗೆಳೆಯರು ವಾದಿಸುತ್ತಾರೆ. ಮಾಮೂಲು ನಿಂತರೆ ಆ ಹೊರೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ ಎಂಬುದು ನನ್ನ ಲೆಕ್ಕ. ಹಾಗೆ ಇಳಿಯದಿದ್ದರೆ ಅವರ ವಾದವೇ ಸರಿ.

2025ರ ಸೆಪ್ಟೆಂಬರಿನಲ್ಲಿ ಬೃಹತ್ ಬೆಂಗಳೂರು ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. 2014ರ ಕಾಯ್ದೆಯ ಹೊಣೆ ಈಗ ಪ್ರತಿಯೊಂದು ಪಾಲಿಕೆಯ ಮೇಲೆ ಬೇರೆ ಬೇರೆಯಾಗಿ ಬೀಳುತ್ತದೆ: ಪ್ರತಿಯೊಂದರಲ್ಲೂ ಸಮಿತಿ, ವ್ಯಾಪಾರ ವಲಯಗಳ ನಕ್ಷೆ, ಎಣಿಕೆ. ಐದರಲ್ಲಿ ಒಂದಾದರೂ ಈ ಎಣಿಕೆಯನ್ನು ಬೆಳಗಿನ ಆರಕ್ಕೆ ಒಮ್ಮೆ, ರಾತ್ರಿ ಹತ್ತಕ್ಕೆ ಇನ್ನೊಮ್ಮೆ ನಡೆಸಿ, ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಬಹುದು. ಅದಕ್ಕೆ ವಿದೇಶ ಪ್ರವಾಸ ಬೇಡ, ಟೆಂಡರ್ ಬೇಡ, ಹೊಸ ಅನುದಾನವೂ ಬೇಡ. ಇಡ್ಲಿಯವಳ ಹೆಸರು ಆ ಗೋಡೆಯ ಮೇಲೆ ಬರುವವರೆಗೆ ನಲ್ಲಿಯ ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕೆಂದು ನಾನೂ ಅವಳಿಗೆ ಹೇಳಲಾರೆ.